ಸೈನಿಕರ ಮೈದಾನ ನೀರು ಕುಡಿಯಲು ಕಲಿತದ್ದು

ಮಕ್ಕಳೇ, ಜೋರು ಮಳೆ ಸುರಿದು ನಿಂತ ಮೇಲೆ ನಿಮ್ಮ ಶಾಲೆಯ ಅಂಗಳವನ್ನು ಎಂದಾದರೂ ಗಮನಿಸಿ ನೋಡಿದ್ದೀರಾ? ನೀವು ದಿನವೂ ಪ್ರಾರ್ಥನೆಗೆ ಸಾಲಾಗಿ ನಿಲ್ಲುವ ಜಾಗದಲ್ಲಿ ನೀರು ಮಡುಗಟ್ಟಿ ನಿಂತಿರುತ್ತದೆ. ಅದೇ ಕಾಂಪೌಂಡಿನ ಮೂಲೆಯಲ್ಲಿ ಹುಲ್ಲು ಬೆಳೆದ ಕಡೆ, ಹೊಂಗೆ ಮರದ ಬುಡದ ಸುತ್ತ, ನೀರಿನ ಸುಳಿವೇ ಇರುವುದಿಲ್ಲ. ಮರದ ಎಲೆಗಳು ಒಂದಿಷ್ಟು ಮಳೆಯನ್ನು ತಡೆದಿರಬಹುದು ನಿಜ. ಆದರೆ ಹುಲ್ಲಿನ ಮೇಲೆ ಬಿದ್ದ ಮಳೆ ಎಲ್ಲಿ ಹೋಯಿತು? ಎರಡೂ ಕಡೆ ಮಣ್ಣು ಒಂದೇ ಬಣ್ಣದ್ದು, ಮಳೆಯೂ ಒಂದೇ.

ವ್ಯತ್ಯಾಸವಿರುವುದು ನಿಮ್ಮ ಕಾಲುಗಳಲ್ಲಿ! ಒಳ್ಳೆಯ ತೋಟದ ಮಣ್ಣನ್ನು ಒಂದು ಹಿಡಿ ತೆಗೆದುಕೊಂಡರೆ ಅದರಲ್ಲಿ ಸುಮಾರು ಅರ್ಧದಷ್ಟು ಮಾತ್ರ ಮಣ್ಣಿನ ಕಣಗಳು. ಉಳಿದರ್ಧ ಬರೀ ಸಂದುಗಳು. ಗಾಳಿ ಮತ್ತು ನೀರು ಇರುವುದು ಆ ಸಂದುಗಳಲ್ಲಿ. ನೂರಾರು ಮಕ್ಕಳು ವರ್ಷಗಟ್ಟಲೆ ಒಂದೇ ಜಾಗವನ್ನು ತುಳಿದರೆ ಕಣಗಳು ಒತ್ತಿಕೊಂಡು ಸಂದುಗಳು ಮುಚ್ಚುತ್ತವೆ. ಆಮೇಲೆ ಬಿದ್ದ ಮಳೆಗೆ ಒಳಗೆ ಇಳಿಯಲು ದಾರಿಯೇ ಇರುವುದಿಲ್ಲ.

ಈಗ ಊಹಿಸಿ. ನಿಮ್ಮ ಅಂಗಳಕ್ಕಿಂತ ಬಹಳ ದೊಡ್ಡದಾದ, ಸುಮಾರು ನೂರು ಎಕರೆಯ ಒಂದು ಜಾಗ. ಅಲ್ಲಿ ಓಡಾಡಿದವರು ಮಕ್ಕಳಲ್ಲ, ಬೂಟು ತೊಟ್ಟ ಸೈನಿಕರು. ಅವರ ಜೊತೆಗೆ ಸೇನೆಯ ಭಾರದ ಲಾರಿಗಳು. ಅದೂ ಐವತ್ತು ವರ್ಷಕ್ಕೂ ಹೆಚ್ಚು ಕಾಲ! ಅಂಥ ನೆಲ ಮಳೆನೀರನ್ನು ಹೇಗೆ ಕುಡಿದೀತು? ಆ ಜಾಗದಲ್ಲಿ ಊರು ಕಟ್ಟಬೇಕೆಂದರೆ ಮಳೆನೀರಿಗೆ ಏನು ಮಾಡುವುದು? ಇದು ನಾನು ಕಟ್ಟಿದ ಕತೆಯಲ್ಲ. ಜರ್ಮನಿಯ ಒಂದು ನಗರ ಈ ಪ್ರಶ್ನೆಯನ್ನು ನಿಜವಾಗಿ ಎದುರಿಸಿತು.

ಸೇನೆ ಬಿಟ್ಟುಹೋದ ನೆಲ

ಭೂಪಟದಲ್ಲಿ ಜರ್ಮನಿಯ ನೈಋತ್ಯ ಮೂಲೆಯನ್ನು ಹುಡುಕಿ. ಫ್ರಾನ್ಸ್ ಮತ್ತು ಸ್ವಿಟ್ಜರ್‌ಲೆಂಡ್ ದೇಶಗಳ ಗಡಿಗೆ ಹತ್ತಿರದಲ್ಲಿ, ಬ್ಲ್ಯಾಕ್ ಫಾರೆಸ್ಟ್ ಎಂಬ ಬೆಟ್ಟಸಾಲಿನ ಬುಡದಲ್ಲಿ ಫ್ರೈಬುರ್ಗ್ ಎಂಬ ಹಳೆಯ ನಗರವಿದೆ. ಈ ಊರಿಗೂ ನೀರಿಗೂ ಹಳೆಯ ನಂಟು. ಹಳೇ ಪೇಟೆಯ ಬೀದಿಗಳ ಬದಿಯಲ್ಲಿ ಕಲ್ಲು ಕಟ್ಟಿದ ಕಿರುಗಾಲುವೆಗಳಲ್ಲಿ ನದಿಯ ನೀರು ಈಗಲೂ ಹರಿಯುತ್ತದೆ. ಹೊರಗಿನವರು ಯಾರಾದರೂ ಅಕಸ್ಮಾತ್ ಆ ಕಾಲುವೆಗೆ ಕಾಲಿಟ್ಟರೆ ಆ ಊರಿನವರನ್ನೇ ಮದುವೆಯಾಗುತ್ತಾರೆ ಎಂದು ಅಲ್ಲಿನವರು ತಮಾಷೆ ಮಾಡುತ್ತಾರೆ!

1930ರ ದಶಕದ ಕೊನೆಯಲ್ಲಿ ಈ ನಗರದ ಅಂಚಿನಲ್ಲಿ ಜರ್ಮನ್ ಸೇನೆಗಾಗಿ ದಂಡಿನ ವಸತಿಗಳನ್ನು ಕಟ್ಟಲಾಯಿತು. 1945ರಲ್ಲಿ ಎರಡನೆಯ ಮಹಾಯುದ್ಧ ಮುಗಿದು ಜರ್ಮನಿ ಸೋತಿತು. ಆಗ ಫ್ರಾನ್ಸಿನ ಸೇನೆ ಬಂದು ಅದೇ ಜಾಗದಲ್ಲಿ ನೆಲೆಸಿತು. ವೋಬಾನ್ ಎಂಬ ಹೆಸರು ಕೊಟ್ಟವರು ಈ ಫ್ರೆಂಚ್ ಸೈನಿಕರೇ. ವೋಬಾನ್ (1633–1707) ಕೋಟೆ ಕಟ್ಟುವುದರಲ್ಲಿ ಹೆಸರಾದ ಫ್ರಾನ್ಸಿನ ಎಂಜಿನಿಯರ್. ಹಿಂದೆ ಫ್ರೈಬುರ್ಗ್ ಕೆಲಕಾಲ ಫ್ರಾನ್ಸಿನ ಕೈಯಲ್ಲಿದ್ದಾಗ ಅಲ್ಲಿಗೂ ಕೋಟೆ ಕಟ್ಟಿಸಿದವನು.

1990ರಲ್ಲಿ ಪೂರ್ವ ಮತ್ತು ಪಶ್ಚಿಮ ಜರ್ಮನಿಗಳು ಒಂದಾದವು. ವಿದೇಶಿ ಸೇನೆ ಅಲ್ಲಿರಬೇಕಾದ ಅಗತ್ಯ ಕಡಿಮೆಯಾಯಿತು. 1992ರಲ್ಲಿ ಫ್ರೆಂಚ್ ಸೈನಿಕರು ಗಂಟುಮೂಟೆ ಕಟ್ಟಿ ಹೊರಟರು. ಸುಮಾರು 40 ಹೆಕ್ಟೇರ್ ಜಾಗ ಒಮ್ಮೆಲೇ ಖಾಲಿಯಾಯಿತು. ನಗರದಲ್ಲಿ ಮನೆಗಳ ಕೊರತೆ ಬಹಳವಿತ್ತು. ನಗರಸಭೆ ಆ ನೆಲದ ಹೆಚ್ಚಿನ ಭಾಗವನ್ನು ಕೊಂಡುಕೊಂಡಿತು. ಅಲ್ಲಿ ವಾಸಿಸಲಿದ್ದ ಜನರೂ ಸಭೆಗಳಲ್ಲಿ ಕುಳಿತು ತಮ್ಮ ಬಡಾವಣೆ ಹೇಗಿರಬೇಕೆಂದು ಚರ್ಚಿಸಿದರು. ಕೆಲವು ಹಳೆಯ ಸೈನಿಕ ಕಟ್ಟಡಗಳನ್ನು ಉಳಿಸಿಕೊಂಡು ವಿದ್ಯಾರ್ಥಿಗಳ ವಸತಿಗೆ ಬಳಸಿದರು. ಉಳಿದ ಕಡೆ 1990ರ ದಶಕದ ಕೊನೆಯಿಂದ ಹೊಸ ಮನೆಗಳು ಏಳತೊಡಗಿದವು. ಇಂದು ಅಲ್ಲಿ 5,000ಕ್ಕೂ ಹೆಚ್ಚು ಜನ ಇದ್ದಾರೆ.

ಒಂದು ಮಳೆಯ ಲೆಕ್ಕ

ರೇಡಿಯೋದಲ್ಲಿ "ಇಂದು 20 ಮಿಲಿಮೀಟರ್ ಮಳೆಯಾಯಿತು" ಎಂದು ಕೇಳಿರುತ್ತೀರಿ. ಬಿದ್ದ ನೀರು ಹರಿಯದೆ, ಇಂಗದೆ, ಆವಿಯಾಗದೆ ನೆಲದ ಮೇಲೆ ಹಾಗೇ ನಿಂತರೆ ಅದರ ಎತ್ತರ 20 ಮಿ.ಮೀ. ಇರುತ್ತದೆ ಎಂದರ್ಥ. ಒಂದು ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ಮಳೆ ಬಿದ್ದರೆ ಎಷ್ಟು ನೀರು? ಉದ್ದ 100 ಸೆಂ.ಮೀ., ಅಗಲ 100 ಸೆಂ.ಮೀ., ಎತ್ತರ 0.1 ಸೆಂ.ಮೀ. ಗುಣಿಸಿ. 1000 ಘನ ಸೆಂ.ಮೀ. ಬಂತಲ್ಲವೇ? ಅಂದರೆ ಸರಿಯಾಗಿ 1 ಲೀಟರ್.

ಈ ಲೆಕ್ಕವನ್ನು ವೋಬಾನ್‌ಗೆ ಹಾಕೋಣ. 40 ಹೆಕ್ಟೇರ್ ಎಂದರೆ 4,00,000 ಚದರ ಮೀಟರ್. 20 ಮಿ.ಮೀ.ನ ಒಂದೇ ಮಳೆಗೆ ಅಲ್ಲಿ ಬೀಳುವ ನೀರು 80 ಲಕ್ಷ ಲೀಟರ್! ಹತ್ತು ಸಾವಿರ ಲೀಟರಿನ ಟ್ಯಾಂಕರ್‌ಗಳಲ್ಲಿ ತುಂಬಿದರೆ 800 ಟ್ಯಾಂಕರ್. ಫ್ರೈಬುರ್ಗಿನಲ್ಲಿ ವರ್ಷಕ್ಕೆ ಸುಮಾರು 900 ಮಿ.ಮೀ. ಮಳೆಯಾಗುತ್ತದೆ. ನಮ್ಮಲ್ಲಿಯ ಹಾಗೆ ಮಳೆಗಾಲವೊಂದರಲ್ಲೇ ಅಲ್ಲ, ವರ್ಷವಿಡೀ ಅಷ್ಟಿಷ್ಟು ಬೀಳುತ್ತಿರುತ್ತದೆ. ವರ್ಷದ ಒಟ್ಟು ನೀರು ಎಷ್ಟೆಂದು ನೀವೇ ಲೆಕ್ಕ ಹಾಕಿ. ಉತ್ತರ 36 ಕೋಟಿ ಲೀಟರ್ ಬರಬೇಕು.

ಹಳೆಯ ಕಾಲದ ಎಂಜಿನಿಯರುಗಳಿಗೆ ಈ ನೀರು ಒಂದು ಪೀಡೆ. ಆದಷ್ಟು ಬೇಗ ಊರಾಚೆ ಸಾಗಿಸಿಬಿಟ್ಟರೆ ಅವರ ಕೆಲಸ ಮುಗಿಯಿತು. ಸೂರಿನಿಂದ ಕೊಳವೆಗೆ, ಕೊಳವೆಯಿಂದ ಚರಂಡಿಗೆ, ಚರಂಡಿಯಿಂದ ಹೊಳೆಗೆ. ಟಾರು, ಕಾಂಕ್ರೀಟುಗಳ ಮೇಲೆ ಬಿದ್ದ ನೀರಿನ ಹತ್ತರಲ್ಲಿ ಒಂಬತ್ತು ಪಾಲು ಕೂಡಲೇ ಹರಿದುಹೋಗುತ್ತದೆ. ಹುಲ್ಲುನೆಲದಿಂದ ಹರಿದುಹೋಗುವುದು ಒಂದೆರಡು ಪಾಲು ಮಾತ್ರ. ಹೀಗೆ ಎಲ್ಲ ಬಡಾವಣೆಗಳೂ ತಮ್ಮ ನೀರನ್ನು ಒಂದೇ ಗಳಿಗೆಯಲ್ಲಿ ಹೊಳೆಗೆ ತಳ್ಳಿದರೆ ಕೆಳಗಿನ ಊರುಗಳಿಗೆ ನೆರೆ ಬರುತ್ತದೆ. ಮೇಲಿನ ಊರಿನ ಬಾವಿಗಳು ಮಾತ್ರ ಬತ್ತುತ್ತವೆ. ಫ್ರೈಬುರ್ಗಿನ ಜನ ಕುಡಿಯುವುದು ನೆಲದಡಿಯ ನೀರನ್ನೇ. ಆ ಊರು ರೈನ್ ನದಿಯ ಕಣಿವೆಯಲ್ಲಿದೆ. ಆ ಕಣಿವೆಯ ಜಲ್ಲಿಪದರಗಳಲ್ಲಿ ಯುರೋಪಿನ ಅತಿ ದೊಡ್ಡ ಅಂತರ್ಜಲ ಭಂಡಾರಗಳಲ್ಲೊಂದು ಇದೆ. ಅದಕ್ಕೆ ಮೇಲಿನಿಂದ ನೀರು ಸೇರುತ್ತಲೇ ಇರಬೇಕು.

ಹಾಗಾಗಿ ವೋಬಾನ್‌ನಲ್ಲಿ ಲೆಕ್ಕವನ್ನು ತಿರುವುಮುರುವು ಮಾಡಿದರು. ಬಿದ್ದ ಮಳೆಯನ್ನು ಆದಷ್ಟು ನಿಧಾನವಾಗಿ ಹೊರಗೆ ಬಿಡುವುದು, ಸಾಧ್ಯವಾದಷ್ಟನ್ನು ಬಿದ್ದಲ್ಲೇ ಇಂಗಿಸುವುದು.

ಮೊದಲು ಕೊಳೆ ತೆಗೆಯಬೇಕು

ಆದರೆ ತಡೆಯಿರಿ. ಸೇನೆಯ ಹಳೆಯ ನೆಲದಲ್ಲಿ ನೀರು ಇಂಗಿಸುವುದಕ್ಕೆ ಒಂದು ಅಪಾಯವೂ ಇದೆ. ಅದನ್ನು ತಿಳಿಯಲು ಈ ಪ್ರಯೋಗ ಮಾಡಿ. ಒಂದು ಪ್ಲಾಸ್ಟಿಕ್ ಬಾಟಲಿಯ ತಳ ಕತ್ತರಿಸಿ, ಬಾಯಿಗೆ ತೆಳು ಬಟ್ಟೆ ಕಟ್ಟಿ, ತಲೆಕೆಳಗಾಗಿ ಹಿಡಿಯಿರಿ. ಅರ್ಧದವರೆಗೆ ತೊಳೆದ ಮರಳು ತುಂಬಿಸಿ. ಮರಳಿನ ಮೇಲೆ ನಾಲ್ಕು ಹನಿ ನೀಲಿ ಮಸಿ ಹಾಕಿ. ಮಸಿ ಕಾಣದಂತೆ ಮತ್ತಷ್ಟು ಮರಳು ತುಂಬಿಸಿ. ಮೇಲಿನಿಂದ ನೋಡಿದವರಿಗೆ ಅದು ಶುಚಿಯಾದ ಮರಳೇ. ಈಗ ಒಂದು ಲೋಟ ಕುಡಿಯುವ ನೀರನ್ನು ನಿಧಾನವಾಗಿ ಸುರಿಯಿರಿ. ಕೆಳಗೆ ಬರುವ ನೀರಿನ ಬಣ್ಣ ಯಾವುದು?

ಸೇನೆ ಇದ್ದ ಜಾಗಗಳಲ್ಲಿ ಪೆಟ್ರೋಲ್, ಡೀಸೆಲ್ ದಾಸ್ತಾನು, ಲಾರಿ ದುರಸ್ತಿಯ ಶೆಡ್ಡುಗಳು ಇರುತ್ತವೆ. ಹತ್ತಾರು ವರ್ಷ ಸೋರಿದ ಎಣ್ಣೆ, ಯಂತ್ರ ತೊಳೆದ ರಾಸಾಯನಿಕಗಳು ಮಣ್ಣಿನಲ್ಲಿ ಅಡಗಿ ಕುಳಿತಿರುತ್ತವೆ, ನಿಮ್ಮ ಬಾಟಲಿಯ ಮಸಿಯ ಹಾಗೆ. ಮೇಲೆ ಕಾಂಕ್ರೀಟು ಇರುವವರೆಗೆ ಮಳೆ ಅವುಗಳನ್ನು ಅಷ್ಟಾಗಿ ಮುಟ್ಟುವುದಿಲ್ಲ. ಕಾಂಕ್ರೀಟನ್ನು ಕಿತ್ತು "ನೀರೇ, ಇಲ್ಲಿ ಇಂಗು" ಎಂದರೆ ನೀರು ಇಂಗುತ್ತದೆ, ಜೊತೆಗೆ ವಿಷವನ್ನೂ ಕುಡಿಯುವ ನೀರಿಗೆ ಇಳಿಸುತ್ತದೆ! ಒಳ್ಳೆಯದನ್ನು ಮಾಡಲು ಹೋಗಿ ಊರಿಗೇ ಕೇಡು ತಂದಂತೆ. ಆದ್ದರಿಂದ ಇಂಥ ನೆಲದಲ್ಲಿ ಅಲ್ಲಲ್ಲಿ ಕೊರೆದು ಮಣ್ಣಿನ ಮಾದರಿ ತೆಗೆದು ಪರೀಕ್ಷಿಸಬೇಕು. ಕೆಟ್ಟ ಮಣ್ಣನ್ನು ಅಗೆದು ಸಾಗಿಸಬೇಕು ಅಥವಾ ಶುದ್ಧಗೊಳಿಸಬೇಕು. ವೋಬಾನ್‌ನಲ್ಲೂ ಮನೆ ಕಟ್ಟುವ ಮುಂಚೆ ಮಣ್ಣಿನ ಕೊಳೆ ತೆಗೆಯುವ ಕೆಲಸ ನಡೆಯಿತು. ಹೊರಗಿನಿಂದ ಬಂದು ಫೋಟೋ ತೆಗೆಯುವವರಿಗೆ ಹಸಿರು ಮನೆಗಳು ಕಾಣುತ್ತವೆ, ಈ ಕೆಲಸ ಯಾರ ಕಣ್ಣಿಗೂ ಕಾಣುವುದಿಲ್ಲ. ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ದೊಡ್ಡ ಕೆಲಸ.

ಒಂದು ಹನಿಯ ಪ್ರಯಾಣ

ವೋಬಾನ್‌ನಲ್ಲಿ ಬೀಳುವ ಮಳೆಹನಿಯೊಂದರ ಬೆನ್ನು ಹತ್ತಿ ಹೋಗೋಣ. ಅದು ಮೊದಲು ಬೀಳುವುದು ಸೂರಿನ ಮೇಲೆ. ಅಲ್ಲಿ ಅನೇಕ ಮಟ್ಟಸ ಸೂರುಗಳ ಮೇಲೆ ತೆಳುವಾಗಿ ಮಣ್ಣು ಹರಡಿ ಸಣ್ಣ ಗಿಡಗಳನ್ನು ಬೆಳೆಸಿದ್ದಾರೆ. ಆ ಮಣ್ಣು ಸ್ಪಂಜಿನಂತೆ ನೀರು ಹೀರಿಕೊಳ್ಳುತ್ತದೆ. ಸ್ವಲ್ಪ ನೀರು ಬಿಸಿಲು ಬಂದಾಗ ಅಲ್ಲಿಂದಲೇ ಆವಿಯಾಗಿ ಹೋಗುತ್ತದೆ. ಉಳಿದದ್ದು ನಿಧಾನವಾಗಿ ಕೆಳಗಿಳಿಯುತ್ತದೆ.

ಕೆಳಗೆ ಅದು ನೇರವಾಗಿ ಮೋರಿಗೆ ಬೀಳುವುದಿಲ್ಲ. ರಸ್ತೆಯ ಮತ್ತು ಮನೆಗಳ ಪಕ್ಕದಲ್ಲಿ ಹುಲ್ಲು ಬೆಳೆದ ಆಳವಿಲ್ಲದ ತಗ್ಗುಗಳಿವೆ. ತಟ್ಟೆಯ ಹಾಗೆ ಬದಿಗಳು ಇಳಿಜಾರಾಗಿವೆ. ಇವನ್ನು ಹುಲ್ಲುಗಾಲುವೆ ಎನ್ನೋಣ. ಮಳೆ ಇಲ್ಲದ ದಿನ ನೋಡಿದರೆ ಮಕ್ಕಳು ಆಡುವ ಹುಲ್ಲುಹಾಸಿನ ಹಾಗೇ ಕಾಣುತ್ತದೆ. ಮಳೆ ಬಂದಾಗ ನೀರು ಇಲ್ಲಿ ಬಂದು ತಂಗುತ್ತದೆ. ಹುಲ್ಲಿನ ಬೇರುಗಳಿರುವ ಮೇಲ್ಮಣ್ಣಿನ ಮೂಲಕ ಸೋಸಿಕೊಂಡು ಕೆಳಗಿಳಿಯುತ್ತದೆ. ಹುಲ್ಲುಗಾಲುವೆಯ ಅಡಿಯಲ್ಲಿ ಜಲ್ಲಿ ತುಂಬಿದ ಕಂದಕವಿರುತ್ತದೆ.

ಜಲ್ಲಿ ಏಕೆ? ಒಂದು ಬಕೆಟ್ ತುಂಬ ಜಲ್ಲಿಕಲ್ಲು ತುಂಬಿ. ಬಕೆಟ್ ತುಂಬಿತು ಎನ್ನುತ್ತೀರಾ? ಈಗ ಚೊಂಬಿನಿಂದ ಅಳೆದು ನೀರು ಹಾಕಿ. ಬಕೆಟ್ಟಿನ ಮೂರನೇ ಒಂದು ಭಾಗದಷ್ಟು ನೀರು ಇನ್ನೂ ಹಿಡಿಸುತ್ತದೆ! ಮೇಲೆ ಹುಲ್ಲು ಬೆಳೆಸಿ ಓಡಾಡಬಹುದು, ಕೆಳಗೆ ಟ್ಯಾಂಕಿನಂತೆ ನೀರೂ ನಿಲ್ಲುತ್ತದೆ. ಆ ಕಂದಕದಿಂದ ನೀರು ದಿನಗಟ್ಟಲೆ ತೆಗೆದುಕೊಂಡು ಸುತ್ತಲಿನ ಮಣ್ಣಿಗೆ ಇಳಿಯುತ್ತದೆ. ತೀರಾ ದೊಡ್ಡ ಮಳೆ ಬಂದು ಹುಲ್ಲುಗಾಲುವೆಯೂ ಕಂದಕವೂ ತುಂಬಿದರೆ? ಆಗ ಹೆಚ್ಚಾದ ನೀರಷ್ಟೇ ಮುಂದೆ ಸಾಗಿ, ಬಡಾವಣೆಯ ಅಂಚಿನಲ್ಲಿ ಹರಿಯುವ ತೊರೆಯನ್ನು ಸೇರುತ್ತದೆ. ಅಷ್ಟು ಹೊತ್ತಿಗೆ ಮಳೆಯ ರಭಸ ತಗ್ಗಿರುತ್ತದೆ.

"ನೀರು ನಿಂತರೆ ಸೊಳ್ಳೆ ಬರುವುದಿಲ್ಲವೇ?" ಎಂದು ನಿಮ್ಮಲ್ಲೊಬ್ಬರು ಕೇಳುತ್ತೀರಿ, ನನಗೆ ಗೊತ್ತು. ಬಹಳ ಒಳ್ಳೆಯ ಪ್ರಶ್ನೆ. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು ಒಂದು ವಾರ ಬೇಕು. ಹುಲ್ಲುಗಾಲುವೆಯ ಮೇಲಿನ ನೀರು ಒಂದೆರಡು ದಿನದಲ್ಲಿ ಇಳಿದುಹೋಗುವಂತೆ ಅದನ್ನು ರೂಪಿಸಬೇಕು. ಮೂರು ದಿನವಾದರೂ ನೀರು ನಿಂತೇ ಇದ್ದರೆ ಎಲ್ಲೋ ಕಟ್ಟಿಕೊಂಡಿದೆ ಎಂದರ್ಥ.

ನಾನು ಮಾಡಿದ ತಪ್ಪು

ಮೇಲೆ ಹುಲ್ಲು, ಅದರ ಕೆಳಗೆ ಮಣ್ಣು, ಆಮೇಲೆ ಜಲ್ಲಿ. ಈ ಕ್ರಮ ಎಷ್ಟು ಮುಖ್ಯ ಎಂದು ನಾನು ಪುಸ್ತಕದಿಂದ ಕಲಿತವನಲ್ಲ. ಕೆಲವು ವರ್ಷಗಳ ಹಿಂದೆ ಒಂದು ಶಾಲೆಯಲ್ಲಿ ಇಂಗುಗುಂಡಿ ಮಾಡಿಸಲು ನಾನೇ ಸಲಹೆ ಕೊಟ್ಟಿದ್ದೆ. ಆರಡಿ ಗುಂಡಿ ತೋಡಿದೆವು. ಮಕ್ಕಳೇ ಸಾಲಾಗಿ ನಿಂತು ಜಲ್ಲಿ ಸಾಗಿಸಿ ತುಂಬಿಸಿದರು. ಅಂಗಳದ ನೀರನ್ನೆಲ್ಲ ಅದಕ್ಕೆ ತಿರುಗಿಸಿದೆವು. ಮೊದಲ ಮಳೆಗೆ ಗುಂಡಿ ಗಟಗಟನೆ ನೀರು ಕುಡಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು. ಐದಾರು ಮಳೆ ಕಳೆಯುವಷ್ಟರಲ್ಲಿ ಅಂಗಳದ ಸಣ್ಣ ಮಣ್ಣೆಲ್ಲ ಹರಿದುಬಂದು ಜಲ್ಲಿಯ ಸಂದುಗಳಲ್ಲಿ ತುಂಬಿತು. ಗುಂಡಿ ಹೂಳಿನ ಗುಂಡಿಯಾಯಿತು. ಮುಂದಿನ ವರ್ಷ ನಾನು ಹೋದಾಗ ಏಳನೇ ತರಗತಿಯ ಒಬ್ಬಳು ಹುಡುಗಿ, "ಸರ್, ನಿಮ್ಮ ಗುಂಡೀಲಿ ಈಗ ಕಪ್ಪೆ ಇವೆ" ಎಂದಳು. ನಾನು ಏನು ಉತ್ತರ ಕೊಡಲಿ?

ನೀರು ಜಲ್ಲಿಗೆ ಸೇರುವ ಮುಂಚೆ ಹೂಳನ್ನು ತಡೆಯಬೇಕಿತ್ತು. ಹುಲ್ಲುಗಾಲುವೆ ಮಾಡುವುದು ಅದನ್ನೇ. ಹುಲ್ಲಿನ ಎಸಳುಗಳ ನಡುವೆ ನೀರಿನ ವೇಗ ತಗ್ಗುತ್ತದೆ, ಹೂಳು ಮೇಲೆಯೇ ಕುಳಿತುಕೊಳ್ಳುತ್ತದೆ. ಆ ಹೂಳೂ ಸಂದುಗಳನ್ನು ಮುಚ್ಚಬಹುದಲ್ಲ ಎನ್ನುತ್ತೀರಾ? ಅಲ್ಲಿ ಕೂಲಿ ಕೇಳದ ಕೆಲಸಗಾರರಿದ್ದಾರೆ. ಎರೆಹುಳುಗಳು ಮಣ್ಣನ್ನು ಕೊರೆಯುತ್ತಲೇ ಇರುತ್ತವೆ. ಹುಲ್ಲಿನ ಹಳೆಯ ಬೇರು ಸತ್ತು ಕೊಳೆತಾಗ ಅದಿದ್ದ ಜಾಗ ಸಣ್ಣ ಕೊಳವೆಯಾಗಿ ಉಳಿಯುತ್ತದೆ. ಮೇಲ್ಮಣ್ಣಿನ ಸೂಕ್ಷ್ಮಜೀವಿಗಳು ರಸ್ತೆಯಿಂದ ಬಂದ ಎಣ್ಣೆಯ ಅಂಶವನ್ನು ಸ್ವಲ್ಪ ಸ್ವಲ್ಪವಾಗಿ ಒಡೆಯುತ್ತವೆ. ಜಲ್ಲಿಗೆ ಈ ಶಕ್ತಿ ಇಲ್ಲ.

ಕಾರಿಗೂ ಮಳೆಗೂ ಏನು ಸಂಬಂಧ?

ವೋಬಾನ್‌ನ ಅನೇಕ ಮನೆಗಳಲ್ಲಿ ಕಾರು ಇಲ್ಲ. ಇರುವವರೂ ಮನೆ ಮುಂದೆ ನಿಲ್ಲಿಸುವ ಹಾಗಿಲ್ಲ. ಹೆಚ್ಚಿನವರು ಬಡಾವಣೆಯ ಅಂಚಿನಲ್ಲಿರುವ ಬಹುಮಹಡಿ ನಿಲ್ದಾಣದಲ್ಲಿ ನಿಲ್ಲಿಸಿ ನಡೆದು ಬರುತ್ತಾರೆ. ಇದನ್ನು ಎಲ್ಲರೂ ಹೊಗೆ, ಸದ್ದು ಕಡಿಮೆ ಮಾಡುವ ಉಪಾಯವೆಂದು ಹೇಳುತ್ತಾರೆ. ಮಳೆನೀರಿನ ಕಡೆಯಿಂದಲೂ ನೋಡಿ. ಒಂದು ಕಾರು ನಿಲ್ಲಲು ಸುಮಾರು 12 ಚದರ ಮೀಟರ್ ಗಟ್ಟಿ ನೆಲ ಬೇಕು. 10 ಮಿ.ಮೀ. ಮಳೆಗೆ ಅಷ್ಟು ಜಾಗದಲ್ಲಿ ಬೀಳುವ ನೀರು 120 ಲೀಟರ್, ಅಂದರೆ ಎಂಟು ಕೊಡ. ಕಾರುಗಳನ್ನು ಒಂದರ ಮೇಲೊಂದು ಮಹಡಿಗಳಲ್ಲಿ ನಿಲ್ಲಿಸಿದರೆ ಅಷ್ಟೂ ನೆಲ ಹುಲ್ಲಿಗೆ ಮತ್ತು ಮರಕ್ಕೆ ಉಳಿಯುತ್ತದೆ. 2006ರಲ್ಲಿ ಈ ಬಡಾವಣೆಗೆ ಟ್ರಾಮ್ ಬಂತು. ಅದರ ಹಳಿಗಳ ನಡುವೆಯೂ ಕಾಂಕ್ರೀಟಿನ ಬದಲು ಹುಲ್ಲು ಬೆಳೆಸಿದ್ದಾರೆ. ಅಲ್ಲಿ ಬಿದ್ದ ಮಳೆಯೂ ಮಣ್ಣಿಗೇ! ಸೈನಿಕರ ಕಾಲದ ದೊಡ್ಡ ಮರಗಳನ್ನು ಆದಷ್ಟೂ ಕಡಿಯದೆ ಉಳಿಸಿಕೊಂಡರು. ಬೂಟುಗಳು ಮುಚ್ಚಿದ ಮಣ್ಣಿನ ಸಂದುಗಳನ್ನು ಮರದ ಬೇರುಗಳು ತೆರೆದಿಟ್ಟಿದ್ದವು.

ಎಲ್ಲ ಕಡೆಯೂ ಇದೇ ಉಪಾಯ ನಡೆಯುತ್ತದೆಯೇ? ಇಲ್ಲ. ಅದೇ ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ಬಳಿ ಓಸ್ಟ್‌ಫಿಲ್ಡರ್ನ್ ಎಂಬ ಊರಿದೆ. ಅಲ್ಲಿಂದ ಅಮೆರಿಕದ ಸೇನೆ 1992ರಲ್ಲಿ ಹೊರಟುಹೋಯಿತು. ಆ ನೆಲ ವೋಬಾನ್‌ನ ಮೂರು ಪಟ್ಟಿಗಿಂತ ದೊಡ್ಡದು. ಆದರೆ ಅಲ್ಲಿಯದು ಜಿಗುಟು ಮಣ್ಣು. ನೀರು ಬೇಗ ಇಂಗುವುದಿಲ್ಲ. ಅಂಥ ಕಡೆ ಹುಲ್ಲುಗಾಲುವೆ, ಜಲ್ಲಿ ಕಂದಕಗಳಲ್ಲಿ ನೀರನ್ನು ತಡೆದಿಟ್ಟುಕೊಂಡು, ಸಣ್ಣ ಕಿಂಡಿಯ ಮೂಲಕ ಸ್ವಲ್ಪ ಸ್ವಲ್ಪವಾಗಿ ಹೊಳೆಗೆ ಬಿಡುವುದು ಮುಖ್ಯವಾಗುತ್ತದೆ. ಯಾವ ಉಪಾಯ ಎಂಬುದನ್ನು ಮಣ್ಣನ್ನು ಕೇಳಿಯೇ ತೀರ್ಮಾನಿಸಬೇಕು.

ಎರಡೂ ಊರುಗಳಿಗೆ ಒಂದು ಅನುಕೂಲವಿತ್ತು. ಸೇನೆ ಹೋದ ಮೇಲೆ ಇಡೀ ನೆಲ ಒಟ್ಟಿಗೆ ಕೈಗೆ ಸಿಕ್ಕಿತು. ಮನೆಗಳ ನಕ್ಷೆ ಬರೆಯುವ ಮುಂಚೆಯೇ ನೀರು ಎಲ್ಲಿ ಬೀಳುತ್ತದೆ, ಎಲ್ಲಿಗೆ ಹರಿಯುತ್ತದೆ ಎಂದು ನೋಡಿ, ಅದಕ್ಕೆ ಜಾಗ ಬಿಡಲು ಸಾಧ್ಯವಾಯಿತು. ಹುಲ್ಲುಗಾಲುವೆಗೆ ಬಿಟ್ಟ ಜಾಗದಲ್ಲಿ ಇನ್ನಷ್ಟು ಮನೆ ಕಟ್ಟಿ ಮಾರಿದ್ದರೆ ಹಣ ಬರುತ್ತಿತ್ತು. ಅದನ್ನು ಬಿಟ್ಟುಕೊಟ್ಟರು. ಮೊದಲು ಮನೆ ಕಟ್ಟಿ, ರಸ್ತೆ ಹಾಕಿ, ಆಮೇಲೆ ನೀರಿಗೆ ಜಾಗ ಹುಡುಕಿದರೆ ಸಿಗುವುದು ಮೋರಿ ಮಾತ್ರ.

ಮಾಡಿ ನೋಡಿ

ನಿಮ್ಮ ಅಂಗಳ ಎಷ್ಟು ನೀರು ಕುಡಿಯುತ್ತದೆ ಎಂದು ನೀವೇ ಅಳೆಯಬಹುದು. ಒಂದು ತಗಡಿನ ಡಬ್ಬಿಯ ಎರಡೂ ಕಡೆ ಮುಚ್ಚಳ ಮತ್ತು ತಳ ತೆಗೆಸಿ. ಅಂಚು ಕೈ ಕೊಯ್ಯುತ್ತದೆ, ಆದ್ದರಿಂದ ದೊಡ್ಡವರ ಕೈಯಲ್ಲೇ ಮಾಡಿಸಿ. ಅದನ್ನು ಎರಡು ಬೆರಳಿನಷ್ಟು ಆಳಕ್ಕೆ ನೆಲದಲ್ಲಿ ಊರಿ. ಒಂದು ಲೋಟ ನೀರು ಸುರಿದು, ಪೂರ್ತಿ ಇಂಗಲು ಎಷ್ಟು ನಿಮಿಷ ಬೇಕಾಯಿತೆಂದು ಗಡಿಯಾರ ನೋಡಿ ಬರೆದುಕೊಳ್ಳಿ. ಪ್ರಾರ್ಥನೆಗೆ ನಿಲ್ಲುವ ಜಾಗದಲ್ಲಿ ಒಮ್ಮೆ, ಮರದ ಬುಡದಲ್ಲಿ ಒಮ್ಮೆ, ಹುಲ್ಲು ಇರುವಲ್ಲಿ ಒಮ್ಮೆ. ಮೂರು ಕಡೆಯೂ ಅದೇ ಡಬ್ಬಿ, ಅದೇ ಲೋಟ ಇರಲಿ. ಮಳೆ ಬಂದ ಮರುದಿನ ಬೇಡ, ನೆಲ ಒಣಗಿದ ಮೇಲೆ ಮಾಡಿ. ಪ್ರಾರ್ಥನೆಯ ಜಾಗದಲ್ಲಿ ಡಬ್ಬಿ ನೆಲದೊಳಗೆ ಇಳಿಯಲೇ ಇಲ್ಲ ಎಂದಾದರೆ ಅದನ್ನೂ ಬರೆದುಕೊಳ್ಳಿ, ಅದೂ ಒಂದು ಉತ್ತರವೇ. ನಾನು ನಿಮ್ಮ ಶಾಲೆಗೆ ಬಂದಾಗ ಆ ಪಟ್ಟಿ ತೋರಿಸಿ.